ಡೆರ್, ಡೀ, ಡಾಸ್ ಮತ್ತು ನಮ್ಮ ತೋ, ತೀ, ತೇ

ಜರ್ಮನ್ ಕಲಿಯಬೇಕು ಅಂತ ಹೊರಟವರು ಮೊದಲನೇ ವಾರವೇ ಕೈಚೆಲ್ಲಿ ಕೂರೋದು ಮೂರೇ ಮೂರು ಪದಗಳ ಮುಂದೆ. ಡೆರ್, ಡೀ, ಡಾಸ್. ಆ ಭಾಷೆಯಲ್ಲಿ ಚಮಚ ಗಂಡು, ಫೋರ್ಕು ಹೆಣ್ಣು, ಚಾಕು ಎರಡೂ ಅಲ್ಲ. ಸೂರ್ಯ ಹೆಂಗಸು, ಚಂದ್ರ ಗಂಡಸು. "ಇದ್ಯಾವ ನ್ಯಾಯ ಮಾರಾಯ" ಅಂತ ಬೆಂಗಳೂರಿನ ಗೆಳೆಯರು ತಲೆ ಮೇಲೆ ಕೈ ಹೊತ್ತು ಕೂತದ್ದನ್ನು ಬೇಕಾದಷ್ಟು ನೋಡಿದ್ದೀನಿ.

ನಮ್ಮ ಮನ್ನಾಏಖೇಳ್ಳಿ ಕಡೆಯವರಿಗೆ ಮಾತ್ರ ಇದು ಅಷ್ಟೊಂದು ವಿಚಿತ್ರ ಅನ್ನಿಸಬಾರದು. ಯಾಕೆ ಅಂತ ಹೇಳೋದಕ್ಕೇ ಈ ಬರಹ. ಇದರಲ್ಲಿ ಸ್ವಲ್ಪ ವ್ಯಾಕರಣ ಇದೆ, ಸ್ವಲ್ಪ ಇತಿಹಾಸ ಇದೆ. ವ್ಯಾಕರಣ ಅಂದಕೂಡಲೇ ಪುಟ ಮುಚ್ಚಬೇಡಿ, ಪರೀಕ್ಷೆ ಏನೂ ಇಲ್ಲ :-)

ಮನ್ನಾಏಖೇಳ್ಳಿ ಎಲ್ಲಿದೆ?

ಬೀದರ ಜಿಲ್ಲೆ ನೋಡದವರಿಗೆ ಒಂದು ಮಾತು. ಹೈದರಾಬಾದಿನಿಂದ ಸೋಲಾಪುರಕ್ಕೆ ಹೋಗೋ ಹೆದ್ದಾರಿಯಲ್ಲಿ ಜಹೀರಾಬಾದ್ ದಾಟಿ ಹುಮನಾಬಾದ್ ಸೇರೋ ಮೊದಲು ನಮ್ಮೂರು ಸಿಗುತ್ತೆ. ಹಿಂದೆ ಹುಮನಾಬಾದ್ ತಾಲ್ಲೂಕು, ಈಗ ಚಿಟಗುಪ್ಪ ತಾಲ್ಲೂಕು. ಪೂರ್ವಕ್ಕೆ ಹೋದರೆ ತೆಲುಗು, ಪಶ್ಚಿಮಕ್ಕೆ ಬಸವಕಲ್ಯಾಣ ದಾಟಿದರೆ ಮರಾಠಿ, ಅಂಗಡಿ ಬೀದಿಯಲ್ಲಿ ದಖನಿ ಉರ್ದು, ಮನೆಯೊಳಗೆ ಕನ್ನಡ. ಒಂದೇ ಸಂತೆಯಲ್ಲಿ ನಾಲ್ಕೂ ಕಿವಿಗೆ ಬೀಳ್ತವೆ.

1948ರ ಸೆಪ್ಟೆಂಬರ್ ತನಕ ನಾವು ನಿಜಾಮರ ರಾಜ್ಯದಲ್ಲಿದ್ದೆವು. ಕಚೇರಿಯ ಭಾಷೆ ಉರ್ದು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ಹಳೆಯ ಬೀದರ ಜಿಲ್ಲೆಯನ್ನು ಮೂರು ಪಾಲು ಮಾಡಿದರು. ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡ, ಜಹೀರಾಬಾದ್ ಆಂಧ್ರಕ್ಕೆ ಹೋದವು. ಉಳಿದದ್ದು ಮೈಸೂರಿಗೆ ಬಂತು. ಜಹೀರಾಬಾದ್ ತಾಲ್ಲೂಕಿನಲ್ಲೂ ನಮ್ಮ ಪಕ್ಕದ ನಿರ್ಣಾ ಸರ್ಕಲ್ ಒಂದನ್ನು ಮಾತ್ರ ಈ ಕಡೆ ಬಿಟ್ಟರು. ನಕಾಶೆ ಮೇಲೆ ಗೆರೆ ಎಳೆದದ್ದಾಯಿತು. ನಾಲಿಗೆ ಮೇಲೆ ಗೆರೆ ಎಳೆಯೋದು ಯಾರಿಗೂ ಆಗಲಿಲ್ಲ.

ಅದಕ್ಕೇ ನಮ್ಮ ಮಾತು ಕೇಳಿದ ದಕ್ಷಿಣದ ಮಂದಿ "ನೀವು ಮಾತಾಡೋದು ಕನ್ನಡವೇನ್ರೀ?" ಅಂತಾರೆ. ಶಾಲೆಯಲ್ಲಿ ಮಾಸ್ತರರೂ "ಶುದ್ಧ ಮಾತಾಡು" ಅಂತ ಗದರಿಸ್ತಾರೆ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತೆ.

ಎದುರು ದಿಕ್ಕಿನಿಂದ ಬಂದವರು

ನಾವು ಜರ್ಮನ್ ಕಲಿಯೋದಕ್ಕೆ ಬಹಳ ಮೊದಲೇ ಜರ್ಮನರು ಕನ್ನಡ ಕಲಿಯೋಕೆ ಬಂದಿದ್ದರು. 1815ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ಊರಿನಲ್ಲಿ ಹುಟ್ಟಿದ ಬಾಸೆಲ್ ಮಿಷನ್ 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳಿಸಿತು. 1836ರಲ್ಲಿ ಹರ್ಮನ್ ಮೊಗ್ಲಿಂಗ್ ಬಂದ. ದಕ್ಷಿಣ ಜರ್ಮನಿಯ ವ್ಯೂರ್ಟೆಂಬೆರ್ಗ್ ಸೀಮೆಯವನು, ಆಗ ಇಪ್ಪತ್ತೈದರ ಹುಡುಗ. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ಮಿಷನ್ನಿನ ಠಾಣೆಗಳಾದವು. ಬಂದದ್ದು ಧರ್ಮಪ್ರಚಾರಕ್ಕೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ಜನರ ಭಾಷೆ ಬಾರದೆ ಪ್ರಚಾರ ಹೇಗೆ? ಹಾಗಾಗಿ ಕಲಿತರು. ಕಲಿತಾ ಕಲಿತಾ ಕೆಲವರು ಅದರಲ್ಲೇ ಮುಳುಗಿದರು.

ಮೊಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಹೊರತಂದ. ಕನ್ನಡದ ಮೊದಲ ಪತ್ರಿಕೆ ಅದು. ಇವತ್ತಿಗೂ ಜುಲೈ 1 ನಮ್ಮಲ್ಲಿ ಪತ್ರಿಕಾ ದಿನ. ಮುಂದೆ ಕಾಸಾಮೇಜರ್ ಎಂಬ ಅಧಿಕಾರಿಯ ಹಣದ ನೆರವಿನಿಂದ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಹಳೆಯ ಕನ್ನಡ ಕೃತಿಗಳನ್ನು ಅಚ್ಚು ಹಾಕಿಸಿದ. ಜೈಮಿನಿ ಭಾರತ, ದಾಸರ ಪದಗಳು, ಬಸವ ಪುರಾಣ, ಚನ್ನಬಸವ ಪುರಾಣ ಎಲ್ಲ ಅದರಲ್ಲಿ ಬಂದವು. ನಮ್ಮ ಕಲ್ಯಾಣದಲ್ಲಿ ನಡೆದ ಕಥೆ ಮಂಗಳೂರಿನಲ್ಲಿ ಒಬ್ಬ ಜರ್ಮನನ ಕೈಯಿಂದ ಅಚ್ಚಾಯಿತು ಅನ್ನೋದು ನಮ್ಮ ಕಡೆ ಎಷ್ಟು ಮಂದಿಗೆ ಗೊತ್ತು? ಅದೇ ಮಿಷನ್ನಿನ ವ್ಯೂರ್ತ್ ಎಂಬಾತ 1860ರ ದಶಕದಲ್ಲಿ ಬಸವ ಪುರಾಣವನ್ನು ಇಂಗ್ಲಿಷಿಗೆ ತಂದ. ಮೊಗ್ಲಿಂಗನ ಬಂಧು ವೈಗ್ಲೆ 1848ರಷ್ಟು ಹಿಂದೆಯೇ ಜರ್ಮನ್ ಪ್ರಾಚ್ಯ ಸಂಘದ ಪತ್ರಿಕೆಯಲ್ಲಿ ಕನ್ನಡ ಭಾಷೆ, ಸಾಹಿತ್ಯದ ಬಗ್ಗೆ ಲೇಖನ ಬರೆದಿದ್ದ.

ಕಲ್ಯಾಣಕ್ಕೂ ಜರ್ಮನರಿಗೂ ಇನ್ನೊಂದು ನಂಟಿದೆ, ಅದು ಮಿಷನ್ನಿಗೆ ಸೇರಿದ್ದಲ್ಲ. ಚಾಲುಕ್ಯ ವಿಕ್ರಮಾದಿತ್ಯ (ಆರನೆಯವನು) ಕಲ್ಯಾಣದಿಂದ ಆಳಿದ್ದು 1076ರಿಂದ 1126ರವರೆಗೆ. ಅವನ ಆಸ್ಥಾನದಲ್ಲಿದ್ದ ಕಾಶ್ಮೀರದ ಕವಿ ಬಿಲ್ಹಣ ಅವನ ಮೇಲೆ 'ವಿಕ್ರಮಾಂಕದೇವಚರಿತ' ಬರೆದ. ಆ ಕಾವ್ಯದ ಓಲೆಪ್ರತಿ ಸಿಕ್ಕಿದ್ದು 1874ರಲ್ಲಿ, ದೂರದ ಜೈಸಲ್ಮೇರಿನ ಜೈನ ಭಂಡಾರದಲ್ಲಿ. ಹುಡುಕಿದವನು ಗೇಯೋರ್ಗ್ ಬ್ಯೂಲರ್ ಎಂಬ ಜರ್ಮನ್ ವಿದ್ವಾಂಸ. ಜೊತೆಗಿದ್ದವನು ಹರ್ಮನ್ ಯಾಕೋಬಿ, ಅವನೂ ಜರ್ಮನನೇ. ಕೆಲವೇ ದಿನಗಳಲ್ಲಿ ನಕಲು ಮಾಡಿಕೊಂಡು 1875ರಲ್ಲಿ ಪ್ರಕಟಿಸಿದರು. ಕಲ್ಯಾಣದ ರಾಜನ ಕಥೆ ಹೀಗೆ ಬೆಳಕು ಕಂಡಿತು.

ಕೇಶಿರಾಜನ ಕೈಹಿಡಿದ ಕಿಟೆಲ್

ವ್ಯಾಕರಣದ ಮಾತಿಗೆ ಬಂದರೆ ಎಲ್ಲರಿಗಿಂತ ದೊಡ್ಡ ಹೆಸರು ಫರ್ಡಿನೆಂಡ್ ಕಿಟೆಲ್. ಹುಟ್ಟಿದ್ದು 1832ರಲ್ಲಿ, ಜರ್ಮನಿಯ ವಾಯವ್ಯ ಮೂಲೆಯ ಓಸ್ಟ್‌ಫ್ರೀಸ್‌ಲಾಂಡ್ ಸೀಮೆಯಲ್ಲಿ. ಅದೂ ಒಂದು ಗಡಿಸೀಮೆಯೇ, ಪಕ್ಕದಲ್ಲೇ ಹಾಲೆಂಡ್. ಅಲ್ಲಿನ ಹಳ್ಳಿ ಮನೆಗಳಲ್ಲಿ ಆಡೋ ಕೆಳಸೀಮೆ ಜರ್ಮನ್ ಬೇರೆ, ಶಾಲೆಯಲ್ಲಿ ಕಲಿಸೋ ಜರ್ಮನ್ ಬೇರೆ. ನಮ್ಮ ಕಥೆಯೇ ಅಲ್ವಾ?

1853ರಲ್ಲಿ ಭಾರತಕ್ಕೆ ಬಂದ ಕಿಟೆಲ್ 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ. ಹದಿಮೂರನೆಯ ಶತಮಾನದ ಹಳಗನ್ನಡ ವ್ಯಾಕರಣ ಅದು. 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಬಂತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗೆ ಇಟ್ಟು ನೋಡುವ ಕನ್ನಡ ವ್ಯಾಕರಣ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡ.

ಗಮನಿಸಬೇಕಾದ್ದು ಏನಂದ್ರೆ, ಕಿಟೆಲ್ ಕನ್ನಡವನ್ನು ಅಳೆಯೋಕೆ ಕನ್ನಡದ್ದೇ ಅಳತೆಗೋಲು ಹುಡುಕಿದ. ಕೇಶಿರಾಜ ಏನು ಹೇಳಿದ್ದಾನೆ ಅಂತ ಮೊದಲು ಕೇಳಿದ. ನಾವು ಜರ್ಮನ್ ಕಲಿಯೋವಾಗ ಇದರ ಉಲ್ಟಾ ಮಾಡ್ತೀವಿ. ಇಂಗ್ಲಿಷಿನ ಬಾಗಿಲಿನಿಂದ ಜರ್ಮನ್ ಮನೆಗೆ ಹೋಗ್ತೀವಿ. ಇಂಗ್ಲಿಷಿನಲ್ಲಿ ವಿಭಕ್ತಿ ಸವೆದು ಹೋಗಿದೆ, ಲಿಂಗ ಹೋಗಿದೆ, ನೀನು-ನೀವು ಭೇದ ಹೋಗಿದೆ. ಆ ಬಾಗಿಲಲ್ಲಿ ನಿಂತು ನೋಡಿದರೆ ಜರ್ಮನ್ ರಾಕ್ಷಸನ ಹಾಗೆ ಕಾಣುತ್ತೆ. ನಮ್ಮ ಸಂತೆಯ ಬಾಗಿಲಿನಿಂದ ಹೋಗಿ ನೋಡೋಣ ಬನ್ನಿ.

ವಿಭಕ್ತಿ: ಬಾಲ ಮುಂದೆ

ಕೇಶಿರಾಜನ ಲೆಕ್ಕದಲ್ಲಿ ಕನ್ನಡಕ್ಕೆ ಏಳು ವಿಭಕ್ತಿ. ಜರ್ಮನಿಗೆ ನಾಲ್ಕೇ: ಪ್ರಥಮಾ, ದ್ವಿತೀಯಾ, ಚತುರ್ಥಿ, ಷಷ್ಠಿ. ಮೂರು ಕಮ್ಮಿ, ಖುಷಿ ಪಡಿ :-)

ವ್ಯತ್ಯಾಸ ಇಷ್ಟೇ. ನಮ್ಮಲ್ಲಿ ಪ್ರತ್ಯಯ ಪದದ ಬಾಲಕ್ಕೆ ಅಂಟುತ್ತೆ: ಮನುಷ್ಯನು, ಮನುಷ್ಯನನ್ನು, ಮನುಷ್ಯನಿಗೆ, ಮನುಷ್ಯನ. ಅವರಲ್ಲಿ ಬದಲಾಗೋದು ಹೆಚ್ಚಾಗಿ ಪದದ ಮುಂದೆ ನಿಂತ ಆ ಪುಟ್ಟ ಗುರುತು: ಡೆರ್ ಮಾನ್, ಡೆನ್ ಮಾನ್, ಡೆಮ್ ಮಾನ್, ಡೆಸ್ ಮಾನೆಸ್. ಬಾಲ ನಮ್ಮಲ್ಲಿ ಹಿಂದೆ, ಅವರಲ್ಲಿ ಮುಂದೆ. ಇದನ್ನು ಮಗ್ಗಿ ಥರ ಬಾಯಿಪಾಠ ಮಾಡಿಬಿಡಿ, ಮೇಲೆ ಹೇಳಿದ ನಾಲ್ಕು ವಿಭಕ್ತಿಗಳ ಕ್ರಮದಲ್ಲೇ ಇದೆ:

ಪುಲ್ಲಿಂಗ: ಡೆರ್, ಡೆನ್, ಡೆಮ್, ಡೆಸ್
ಸ್ತ್ರೀಲಿಂಗ: ಡೀ, ಡೀ, ಡೆರ್, ಡೆರ್
ನಪುಂಸಕ: ಡಾಸ್, ಡಾಸ್, ಡೆಮ್, ಡೆಸ್
ಬಹುವಚನ: ಡೀ, ಡೀ, ಡೆನ್, ಡೆರ್

ಪ್ರಥಮಾ ಮತ್ತು ದ್ವಿತೀಯಾ ಬೇರೆ ಬೇರೆ ಆಗೋದು ಪುಲ್ಲಿಂಗದಲ್ಲಿ ಮಾತ್ರ. ನಪುಂಸಕದಲ್ಲಿ ಎರಡೂ ಒಂದೇ. ನಾವೂ ಅಷ್ಟೇ ನೋಡಿ, "ಹುಡುಗನ್ನ ಕರೆ" ಅಂತೀವಿ, ಆದರೆ "ನೀರು ಕುಡಿ" ಅಂತೀವಿ. "ನೀರನ್ನು ಕುಡಿ" ಅನ್ನೋದು ಪುಸ್ತಕದಲ್ಲಿ ಮಾತ್ರ.

ವಿಭಕ್ತಿ ಇದ್ದರೆ ಏನು ಲಾಭ? ಪದಗಳನ್ನು ಹಿಂದೆಮುಂದೆ ಮಾಡಬಹುದು. "ಡೆರ್ ಹುಂಟ್ ಬೈಸ್ಟ್ ಡೆನ್ ಮಾನ್" ಅಂದರೆ ನಾಯಿ ಮನುಷ್ಯನನ್ನು ಕಚ್ಚುತ್ತೆ. "ಡೆನ್ ಮಾನ್ ಬೈಸ್ಟ್ ಡೆರ್ ಹುಂಟ್" ಅಂದರೂ ಕಚ್ಚೋದು ನಾಯಿಯೇ, ಮನುಷ್ಯನನ್ನು ನಾಯಿ ಕಚ್ಚುತ್ತೆ. ಇಂಗ್ಲಿಷಿನಲ್ಲಿ ಹೀಗೆ ಅದಲುಬದಲು ಮಾಡಿದರೆ ಮನುಷ್ಯನೇ ನಾಯಿಯನ್ನು ಕಚ್ಚಿಬಿಡ್ತಾನೆ!

ಲಿಂಗ: ಇಲ್ಲಿ ಮರಾಠಿ ಕೈಹಿಡಿಯುತ್ತೆ

ಕನ್ನಡದಲ್ಲಿ ಲಿಂಗ ಅಂದರೆ ಅರ್ಥದ ಲೆಕ್ಕ. ಗಂಡಸು ಅವನು, ಹೆಂಗಸು ಅವಳು, ಉಳಿದದ್ದೆಲ್ಲ ಅದು. ಚಮಚ, ಚಾಕು, ಕಲ್ಲು, ಮರ ಎಲ್ಲ ಅದು. ಹಾಗಾಗಿ ಕನ್ನಡ ಒಂದೇ ಬಲ್ಲವರಿಗೆ ಡೆರ್-ಡೀ-ಡಾಸ್ ನಿಜಕ್ಕೂ ಕಷ್ಟ.

ಮರಾಠಿಯಲ್ಲಿ ಹಾಗಲ್ಲ. ತೋ ಚಹಾ, ತೀ ಭಾಕರಿ, ತೇ ಘರ್. ಪ್ರತಿ ವಸ್ತುವಿಗೂ ಮೂರರಲ್ಲಿ ಒಂದು ಲಿಂಗ ಇದ್ದೇ ಇರುತ್ತೆ, ಕಾರಣ ಕೇಳಬಾರದು. ಜರ್ಮನ್ ಕೂಡ ಹಾಗೇ. ತಮಾಷೆ ಏನಂದ್ರೆ ಕೆಲವು ಕಡೆ ಎರಡೂ ಒಂದೇ ಹಾದಿ ಹಿಡೀತವೆ. ಚಹಾ ಅಲ್ಲೂ ಗಂಡು, ಡೆರ್ ಟೇ. ಚಮಚ ಅಲ್ಲೂ ಗಂಡು, ಡೆರ್ ಲ್ಯೋಫೆಲ್. ಮನೆ ನಪುಂಸಕ, ಡಾಸ್ ಹೌಸ್. ನೀರು ನಪುಂಸಕ, ತೇ ಪಾಣಿ, ಡಾಸ್ ವಾಸರ್. ಪುಸ್ತಕ ನಪುಂಸಕ, ತೇ ಪುಸ್ತಕ, ಡಾಸ್ ಬೂಖ್. ಮಗು ನಪುಂಸಕ, ತೇ ಮೂಲ್, ಡಾಸ್ ಕಿಂಟ್. ಎಲ್ಲ ಕಡೆಯೂ ಹೀಗೇ ಅಂತ ನಂಬಿ ಕೂರಬೇಡಿ. ಹಾಲು ಮರಾಠಿಯಲ್ಲಿ ನಪುಂಸಕ, ಜರ್ಮನಿನಲ್ಲಿ ಹೆಣ್ಣು. ಮರ ಮರಾಠಿಯಲ್ಲಿ ನಪುಂಸಕ, ಜರ್ಮನಿನಲ್ಲಿ ಗಂಡು. ಒಂದೊಂದು ಪದವನ್ನೂ ಅದರ ಗುರುತಿನ ಸಮೇತ ಕಲಿಯಬೇಕು. ಮಾತು ಇಷ್ಟೇ, ವಸ್ತುಗಳಿಗೂ ಮೂರು ಲಿಂಗ ಇರಬಹುದು ಅನ್ನೋ ಅಭ್ಯಾಸ ನಮ್ಮ ಕಿವಿಗೆ ಆಗಲೇ ಇದೆ.

ಇನ್ನೊಂದು ಗೋಳು. ಜರ್ಮನಿನಲ್ಲಿ ಹುಡುಗಿ ನಪುಂಸಕ! ಡಾಸ್ ಮೇಡ್‌ಶೆನ್. ಕಾರಣ, 'ಶೆನ್' ಅನ್ನೋ ಮುದ್ದಿನ ಬಾಲ ಹತ್ತಿದ ಪದ ಯಾವುದಾದರೂ ನಪುಂಸಕವೇ. ಜಹೀರಾಬಾದಿನ ತೆಲುಗರಿಗೆ ಇದು ಹೇಳಿದರೆ ನಗಲಾರರು. ಅವರ ಕ್ರಿಯಾಪದದಲ್ಲಿ ಹೆಣ್ಣಿಗೂ ದನಕ್ಕೂ ಒಂದೇ ರೂಪ, ಎರಡೂ "ವಚ್ಚಿಂದಿ". ನಾವೂ "ಕೂಸು ಅಳ್ತದ" ಅಂತೀವಿ, ಅದು ಗಂಡೋ ಹೆಣ್ಣೋ ನೋಡೋದಿಲ್ಲ.

ಒಂದು ಸಮಾಧಾನವೂ ಇದೆ. ಜರ್ಮನ್ ಕ್ರಿಯಾಪದಕ್ಕೆ ಲಿಂಗದ ಗೊಡವೆ ಇಲ್ಲ. ನಾವು ಬಂದನು, ಬಂದಳು, ಬಂದಿತು ಅಂತ ಮೂರು ಕಲಿಸಬೇಕು. ಅಲ್ಲಿ ಎರ್ ಕಾಮ್, ಜೀ ಕಾಮ್, ಎಸ್ ಕಾಮ್. ಅವನು, ಅವಳು, ಅದು, ಮೂರಕ್ಕೂ ಒಂದೇ. ಕಿಟೆಲ್, ಮೊಗ್ಲಿಂಗ್ ನಮ್ಮ ಭಾಷೆ ಕಲಿಯೋವಾಗ ಇದರ ಭಾರ ಅವರು ಹೊತ್ತರು.

'ನನಗೆ' ಅನ್ನೋ ಚತುರ್ಥಿ

ನನಗೆ ತುಂಬಾ ಇಷ್ಟವಾದ ಭಾಗ ಇದು. ಚಳಿಯಾದರೆ ಇಂಗ್ಲಿಷಿನವರು ನಾನೇ ಚಳಿ ಅನ್ನೋ ಹಾಗೆ ಹೇಳ್ತಾರೆ. ನಾವು "ನನಗೆ ಚಳಿ" ಅಂತೀವಿ. ಜರ್ಮನರು "ಮೀರ್ ಇಸ್ಟ್ ಕಾಲ್ಟ್" ಅಂತಾರೆ. ಮೀರ್ ಅಂದರೆ ನನಗೆ. ಇಂಗ್ಲಿಷಿನ ಜಾಡಿನಲ್ಲಿ "ಇಶ್ ಬಿನ್ ಕಾಲ್ಟ್" ಅಂದರೆ ಕೇಳಿದವರು ನಗ್ತಾರೆ, ನೀನು ಕಲ್ಲೆದೆಯವನೋ ಅಂತ.

"ಎಸ್ ಗೆಫೆಲ್ಟ್ ಮೀರ್", ಇದು ನನಗೆ ಹಿಡಿಸುತ್ತೆ. "ಡಾಸ್ ಬೂಖ್ ಗೆಹ್ಯೋರ್ಟ್ ಮೀರ್", ಪುಸ್ತಕ ನನಗೆ ಸೇರಿದ್ದು. ಪದಕ್ಕೆ ಪದ ಕೂಡುತ್ತೆ. ಇನ್ನು ನಮ್ಮ ಸಂತೆಯನ್ನು ಕೇಳಿ. ಮರಾಠಿಯಲ್ಲಿ "ಮಲಾ ಥಂಡಿ ವಾಜತೇ", ದಖನಿಯಲ್ಲಿ "ಮೇರೆಕು ಥಂಡ್ ಲಗ್ರೀ", ತೆಲುಗಿನಲ್ಲಿ "ನಾಕು ಚಲಿಗಾ ಉಂದಿ". ನಾಲ್ಕೂ ಭಾಷೆಯಲ್ಲಿ ಚಳಿ 'ನನಗೆ' ಬರುತ್ತೆ, ನಾನು ಚಳಿ ಆಗೋದಿಲ್ಲ.

ನೀನು, ನೀವು ಕೂಡ ಹಾಗೇ. ಡೂ ಅಂದರೆ ನೀನು, ಜೀ ಅಂದರೆ ನೀವು. ಗೌರವದ ಜೀಗೆ ಬಹುವಚನದ ಕ್ರಿಯಾಪದ, ನಮ್ಮ "ನೀವು ಬನ್ನಿ" ಇದ್ದ ಹಾಗೆ. ಗುರುತಿಲ್ಲದ ಹಿರಿಯರನ್ನು ಡೂ ಅನ್ನಬಾರದು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಕ್ರಿಯಾಪದ ಎಲ್ಲಿ ಕೂರುತ್ತೆ?

ನಮ್ಮಲ್ಲಿ ಕ್ರಿಯಾಪದದ ಜಾಗ ಕೊನೆ. "ನಾ ಇವತ್ತ ಹುಮನಾಬಾದಕ್ಕ ಹೋಗ್ಲತ್ತೀನಿ." ಜರ್ಮನಿನಲ್ಲಿ ಸಾದಾ ವಾಕ್ಯದಲ್ಲಿ ಕ್ರಿಯಾಪದ ಎರಡನೇ ಜಾಗದಲ್ಲೇ ಕೂರಬೇಕು. "ಇಶ್ ಗೇಯ ಹೊಯ್ಟ ನಾಖ್ ಹುಮನಾಬಾದ್." ಹೊಯ್ಟ ಅಂದರೆ ಇವತ್ತು. ಇವತ್ತು ಮೊದಲು ಬಂದರೆ "ಹೊಯ್ಟ ಗೇಯ ಇಶ್ ನಾಖ್ ಹುಮನಾಬಾದ್". ನಾನು ಸರಿದು ಆ ಕಡೆ ಹೋದೆ, ಕ್ರಿಯಾಪದ ಮಾತ್ರ ಎರಡನೇ ಸೀಟು ಬಿಡಲಿಲ್ಲ.

ಇಲ್ಲಿ ಎಲ್ಲರೂ ಸಲೀಸು. ಕಷ್ಟ ಮುಂದಿದೆ ಅಂತ ಪುಸ್ತಕಗಳು ಹೆದರಿಸ್ತವೆ. ಬೇಕು, ಬಹುದು ಥರದ ಪದ ಸೇರಿದರೆ ಮುಖ್ಯ ಕ್ರಿಯಾಪದ ಕೊನೆಗೆ ಹೋಗುತ್ತೆ: "ಇಶ್ ವಿಲ್ ಹೊಯ್ಟ ನಾಖ್ ಹುಮನಾಬಾದ್ ಗೇಯೆನ್." ಯಾಕಂದ್ರೆ ಅನ್ನೋ ಅರ್ಥದ 'ವೈಲ್', 'ಡಾಸ್' ಥರದ ಪದದಿಂದ ಉಪವಾಕ್ಯ ಶುರುವಾದರೆ ಕ್ರಿಯಾಪದ ಸೀದಾ ಕೊನೆಗೆ: "ವೈಲ್ ಇಶ್ ಹೊಯ್ಟ ನಾಖ್ ಹುಮನಾಬಾದ್ ಗೇಯ." ಇಂಗ್ಲಿಷ್ ಮಂದಿ ಇಲ್ಲಿ ಬೆವರ್ತಾರೆ. ಮೊದಲ ಪದ ಬಿಟ್ಟು ಉಳಿದದ್ದನ್ನು ನೋಡಿ: ನಾನು, ಇವತ್ತು, ಹುಮನಾಬಾದಿಗೆ, ಹೋಗ್ತೀನಿ. ಇದು ಕನ್ನಡದ ಸಾಲೇ! ಅವರಿಗೆ ಕಠಿಣ ಅನ್ನಿಸೋ ಜಾಗದಲ್ಲಿ ನಾವು ಮನೆಗೆ ಬಂದ ಹಾಗೆ.

ದವಾಖಾನಿ, ಇಕ್ಕೀಸ್, ಮತ್ತೆ ಖಬರ್

ಜರ್ಮನಿನ ಉದ್ದುದ್ದ ಪದಗಳ ಬಗ್ಗೆ ಎಲ್ಲರೂ ಜೋಕು ಮಾಡ್ತಾರೆ. ಅವೆಲ್ಲ ಬರೀ ಸಮಾಸಗಳು. ಕ್ರಾಂಕೆನ್‌ಹೌಸ್ ಅಂದರೆ ರೋಗಿಗಳ ಮನೆ, ಅಂದರೆ ಆಸ್ಪತ್ರೆ. ನಮ್ಮ ಕಡೆ ಆಸ್ಪತ್ರೆಗೆ ಏನಂತೀವಿ? ದವಾಖಾನಿ. ದವಾ ಅಂದರೆ ಔಷಧ, ಖಾನಾ ಅಂದರೆ ಮನೆ. ಕಟ್ಟಿದ ಕ್ರಮ ಒಂದೇ. ಹಾಂಟ್‌ಶೂ ಅಂದರೆ ಕೈಗೆ ಹಾಕೋ ಬೂಟು, ನಮ್ಮ ಕೈಗವಸು. ತತ್ಪುರುಷ ಸಮಾಸದಲ್ಲಿ ಉತ್ತರಪದಕ್ಕೆ ಪ್ರಾಧಾನ್ಯ ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಜರ್ಮನಿನಲ್ಲಿ ಲಿಂಗವೂ ಅದರ ಪ್ರಕಾರವೇ. ಹೌಸ್ ಡಾಸ್ ಆದ್ದರಿಂದ ಕ್ರಾಂಕೆನ್‌ಹೌಸ್ ಕೂಡ ಡಾಸ್.

ಎಣಿಕೆಯಲ್ಲಿ ಕನ್ನಡ ಕೈಕೊಡುತ್ತೆ. ಇಪ್ಪತ್ತೊಂದು ಅಂತ ನಾವು ಹತ್ತುಗಳನ್ನು ಮೊದಲು ಹೇಳ್ತೀವಿ, ತೆಲುಗರೂ ಹಾಗೇ. ಜರ್ಮನರು "ಐನ್-ಉಂಟ್-ಟ್ಸ್ವಾನ್‌ಟ್ಸಿಶ್", ಒಂದು-ಮತ್ತು-ಇಪ್ಪತ್ತು. ಬಿಡಿ ಮೊದಲು, ಹತ್ತು ಆಮೇಲೆ. ಉರ್ದುವಿನ ಇಕ್ಕೀಸ್, ಬಾಯೀಸ್ ಹೀಗೇ. ಮರಾಠಿಯ ಏಕವೀಸ, ಬಾವೀಸ ಹೀಗೇ. ಅಡತಿ ಅಂಗಡಿಯಲ್ಲಿ ತೂಕದ ಲೆಕ್ಕ ಕೇಳಿ ಬೆಳೆದವರಿಗೆ ಇದೇನು ಹೊಸದಲ್ಲ.

ಉಚ್ಚಾರದಲ್ಲೂ ಹಾಗೇ. 'ಬೂಖ್', 'ನಾಖ್' ಪದಗಳ ಕೊನೆಯಲ್ಲಿ ಬರೋ ಗಂಟಲಿನ ಧ್ವನಿ ಉರ್ದು ಬಲ್ಲವರು 'ಖಬರ್' ಅನ್ನೋವಾಗ ಬರೋ ಖಕಾರ. ಟ್ಸೈಟ್, ಅಂದರೆ ಕಾಲ, ಅದರ ಮೊದಲ ಧ್ವನಿ ಮರಾಠಿಗರ 'ಚಾಂಗಲಾ'ದಲ್ಲಿ ಬರೋ ಚಕಾರ. ಸೂರ್ಯನನ್ನು ಹೇಳೋ 'ಜೋನ'ದ ಮೊದಲ ಧ್ವನಿ ಉರ್ದುವಿನ 'ಜಮೀನ್'ನ ಜಕಾರ. 'ಇಶ್' ಅಂತ ನಾನು ಬರೀತಿರೋ ಪದದ ಕೊನೆಗೆ ಮಾತ್ರ ನಮ್ಮ ಸಂತೆಯಲ್ಲಿ ಜೋಡಿ ಸಿಗಲಿಲ್ಲ. ಅದು ಶಕಾರಕ್ಕೂ ಹಕಾರಕ್ಕೂ ನಡುವೆ ಎಲ್ಲೋ ಇದೆ, ಕಿವಿಯಿಂದಲೇ ಕಲಿಯಬೇಕು.

ಇದೆಲ್ಲ ನಂಟಸ್ತಿಕೆಯೋ, ನೆರೆಹೊರೆಯೋ?

ಎರಡೂ. ಫ್ರಾನ್ಸ್ ಬೊಪ್ ಎಂಬ ಜರ್ಮನ್ ಪಂಡಿತ 1816ರಲ್ಲಿ ಸಂಸ್ಕೃತದ ಕ್ರಿಯಾಪದಗಳನ್ನು ಗ್ರೀಕ್, ಲ್ಯಾಟಿನ್, ಪರ್ಷಿಯನ್, ಜರ್ಮನ್ 'ಗುಂಪಿನ' ಭಾಷೆಗಳ ಜೊತೆ ಹೋಲಿಸಿ ಪುಸ್ತಕ ಬರೆದ. ಆ ಲೆಕ್ಕದಲ್ಲಿ ಮರಾಠಿ, ಉರ್ದು ಎರಡೂ ಜರ್ಮನಿಗೆ ದೂರದ ದಾಯಾದಿಗಳು. ಮೂರು ಲಿಂಗ ಆ ಮನೆತನದ ಹಳೆಯ ಆಸ್ತಿ, ಉರ್ದು ಅದರಲ್ಲಿ ಒಂದನ್ನು ಕಳಕೊಂಡಿದೆ. ಕನ್ನಡ, ತೆಲುಗು ಬೇರೆ ಮನೆತನ ಅಂತ 1856ರಲ್ಲಿ ಕಾಲ್ಡ್‌ವೆಲ್ ತನ್ನ ದ್ರಾವಿಡ ಭಾಷೆಗಳ ವ್ಯಾಕರಣದಲ್ಲಿ ಸಾಧಿಸಿ ತೋರಿಸಿದ. ನಮ್ಮ ಕ್ರಿಯಾಪದ ಕೊನೆಗೆ ಬರೋದು, ಅವರದ್ದು ಉಪವಾಕ್ಯದಲ್ಲಿ ಕೊನೆಗೆ ಹೋಗೋದು ನೆಂಟಸ್ತಿಕೆಯಿಂದಲ್ಲ, ಎರಡೂ ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಕಡೆ ಮುಟ್ಟಿವೆ.

ನಮ್ಮ ಸಂತೆಯ ನಾಲ್ಕು ಭಾಷೆಗಳ ನಡುವಿನ ಹೋಲಿಕೆ ಮಾತ್ರ ಇನ್ನೊಂದು ಕಥೆ. ಅದನ್ನು ಹೇಳಿದವನೂ ಜರ್ಮನಿಯಲ್ಲಿ ಹುಟ್ಟಿದವನೇ. ಜಾನ್ ಗಂಪರ್ಜ್, 1922ರಲ್ಲಿ ಜರ್ಮನಿಯ ಹಾಟಿಂಗೆನ್‌ನಲ್ಲಿ ಹುಟ್ಟಿದ ಯಹೂದಿ. ಹಿಟ್ಲರನ ಕಾಲದಲ್ಲಿ ದೇಶ ಬಿಡಬೇಕಾಗಿ ಬಂದು 1939ರಲ್ಲಿ ಅಮೆರಿಕ ಸೇರಿದ. ಅವನ ಡಾಕ್ಟರೇಟ್ ಮಿಷಿಗನ್‌ನಲ್ಲಿ ನೆಲೆಸಿದ ಜರ್ಮನರ ಶ್ವೇಬಿಷ್ ಆಡುಮಾತಿನ ಮೇಲೆ. ಶ್ವೇಬಿಷ್ ಅಂದರೆ ನಮ್ಮ ಮೊಗ್ಲಿಂಗನ ಸೀಮೆಯ ಮಾತು!

ಮುಂದೆ ಗಂಪರ್ಜ್ ಭಾರತಕ್ಕೆ ಬಂದು ಸಾಂಗಲಿ ಜಿಲ್ಲೆಯ ಕುಪವಾಡ ಎಂಬ ಹಳ್ಳಿಯ ಮಾತನ್ನು ಅಭ್ಯಾಸ ಮಾಡಿದ. ಅಲ್ಲೂ ನಮ್ಮ ಹಾಗೇ ಕನ್ನಡ, ಮರಾಠಿ, ಉರ್ದು, ಸ್ವಲ್ಪ ತೆಲುಗು. 1971ರಲ್ಲಿ ರಾಬರ್ಟ್ ವಿಲ್ಸನ್ ಜೊತೆ ಬರೆದ ಲೇಖನದಲ್ಲಿ ಅವನು ಹೇಳಿದ್ದು ಇದು: ಶತಮಾನಗಳ ಕಾಲ ಒಟ್ಟಿಗೆ ಬದುಕಿದ್ದರಿಂದ ಆ ಹಳ್ಳಿಯ ಭಾಷೆಗಳ ವಾಕ್ಯರಚನೆ ಎಷ್ಟು ಹತ್ತಿರ ಬಂದಿದೆ ಅಂದರೆ ಒಂದರ ವಾಕ್ಯವನ್ನು ಪದಕ್ಕೆ ಪದ ಇಟ್ಟು ಇನ್ನೊಂದಕ್ಕೆ ಬದಲಿಸಬಹುದು. ಪದಗಳು ಮಾತ್ರ ಬೇರೆ ಬೇರೆಯೇ ಉಳಿದಿವೆ. ಲಿಂಗದ ವಿಷಯದಲ್ಲಂತೂ ಆ ಊರಿನ ಉರ್ದು, ಮರಾಠಿ ಕನ್ನಡದ ದಾರಿಯ ಕಡೆ ವಾಲಿದ್ದವು. ಭಾಷೆ ಬಿಟ್ಟುಕೊಡದೆ ವ್ಯಾಕರಣದಲ್ಲಿ ರಾಜಿಯಾದ ಜನ.

ಆ ಲೇಖನ ಬಂದ ಮೇಲೆ ಕುಪವಾಡ ಪ್ರಪಂಚದ ಭಾಷಾವಿಜ್ಞಾನದ ಪಠ್ಯಪುಸ್ತಕಗಳಲ್ಲೆಲ್ಲ ಸೇರಿತು. ಮೇಲೆ ನೆನಪಿನಲ್ಲಿಡಿ ಅಂದಿದ್ದೆನಲ್ಲ, ಆ ಮಾಸ್ತರರ ಗದರಿಕೆ? ನಾವು ಕೆಟ್ಟ ಕನ್ನಡ ಅಂತ ಬೈಸಿಕೊಂಡ ಮಾತಿನ ಥರದ್ದನ್ನೇ ಗಂಪರ್ಜ್ ನೆರೆಹೊರೆಯವರು ಕೂಡಿ ಕಟ್ಟಿದ ವ್ಯಾಕರಣ ಅಂತ ಓದಿದ. ನಮ್ಮ ಮಾತಿನಲ್ಲಿ ನಿಯಮ ಇಲ್ಲ ಅಂದವರಿಗೆ ಇದಕ್ಕಿಂತ ಉತ್ತರ ಬೇಕಾ?

ಆಮೇಲೆ ಏನಾಯ್ತು

ಮಂಗಳೂರು, ಧಾರವಾಡದ ಜರ್ಮನರ ಕಥೆ 1914ರಲ್ಲಿ ಮಹಾಯುದ್ಧದ ಜೊತೆ ಮುರಿದು ಬಿತ್ತು. ಜರ್ಮನ್ ಪಾದ್ರಿಗಳು ಶತ್ರುದೇಶದವರಾದರು, ಬಂಧನವಾಯಿತು, ವಾಪಸು ಕಳಿಸಿದರು. ಮಿಷನ್ನಿನ ಹಂಚು, ನೇಯ್ಗೆ ಕಾರ್ಖಾನೆಗಳು 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಉಳಿದದ್ದು ಪುಸ್ತಕಗಳು. ನಂಟು ಪೂರ್ತಿ ಹರೀಲಿಲ್ಲ ಅನ್ನಿ. ನಮ್ಮ ಕಾಲದಲ್ಲೂ ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಹೈಡ್ರೂನ್ ಬ್ರೂಕ್ನರ್ ತುಳು ಪಾಡ್ದನಗಳ ಮೇಲೆ ಕೆಲಸ ಮಾಡಿದ್ದಾರೆ, ನಮ್ಮ ಬಿ.ಎ. ವಿವೇಕ ರೈ ಅಲ್ಲಿ ಅತಿಥಿ ಪ್ರಾಧ್ಯಾಪಕರಾಗಿದ್ದರು.

ಈಗ ದಿಕ್ಕು ತಿರುಗಿದೆ. ಓದಿಗೆ, ನರ್ಸಿಂಗ್ ಕೆಲಸಕ್ಕೆ, ಇಂಜಿನಿಯರಿಂಗ್ ಕೆಲಸಕ್ಕೆ ಜರ್ಮನಿಗೆ ಹೋಗುವ ನಮ್ಮ ಹುಡುಗ ಹುಡುಗಿಯರು ಬೆಂಗಳೂರು, ಹೈದರಾಬಾದಿನಲ್ಲಿ ಸಾವಿರಾರು ರೂಪಾಯಿ ಕೊಟ್ಟು ಜರ್ಮನ್ ಕಲೀತಾರೆ. ಸಂತೋಷವೇ. ನನ್ನ ಸಂಕಟ ಬೇರೆ. ಅದೇ ಹೊತ್ತಿಗೆ ನಮ್ಮ ಊರುಗಳಲ್ಲಿ ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಪಕ್ಕದ ಮನೆಯ ಮರಾಠಿ ಬರೋದಿಲ್ಲ, ದುಕಾನದ ಉರ್ದು ಬರೋದಿಲ್ಲ, ಕನ್ನಡವೂ ಪರೀಕ್ಷೆಗೆ ಬೇಕಾದಷ್ಟು ಮಾತ್ರ. ತೋ-ತೀ-ತೇ ಪುಕ್ಕಟೆ ಸಿಗ್ತಿದ್ದ ಬೀದಿಯಲ್ಲಿ ಆಡಿ ಬೆಳೆಯದ ಮಗು ನಾಳೆ ಡೆರ್-ಡೀ-ಡಾಸಿಗೆ ದುಡ್ಡು ಕಟ್ಟಿ ಮೊದಲಿನಿಂದ ಶುರು ಮಾಡಬೇಕು. ಕಲ್ಯಾಣದ ಕಥೆ ಹುಡುಕಿಕೊಂಡು ಅಷ್ಟು ದೂರದಿಂದ ಬಂದವರಿದ್ದರು. ನಾವು ಮನೆ ಮುಂದಿನ ಭಾಷೆಗೆ ಕಿವಿ ಮುಚ್ಚಿಕೊಂಡಿದ್ದೀವಿ.

ಜರ್ಮನ್ ಶುರು ಮಾಡೋರಿಗೆ ನನ್ನ ಸಲಹೆ ಇಷ್ಟೇ. ಪ್ರತಿ ಪದವನ್ನೂ ಡೆರ್-ಡೀ-ಡಾಸ್ ಸಮೇತ ಬರೆದುಕೊಳ್ಳಿ. ಪಕ್ಕದಲ್ಲಿ ಇಂಗ್ಲಿಷ್ ಬರೆಯೋ ಬದಲು ಮರಾಠಿಯನ್ನೋ ಉರ್ದುವನ್ನೋ ಬರೆಯಿರಿ. ವಿಭಕ್ತಿ ಬಂದಾಗ "ಯಾರನ್ನು, ಯಾರಿಗೆ, ಯಾರ" ಅಂತ ಕನ್ನಡದಲ್ಲೇ ಕೇಳಿಕೊಳ್ಳಿ. ಉಪವಾಕ್ಯ ಬಂದಾಗ ಹೆದರದೆ ಕನ್ನಡದ ಹಾಗೆ ಕ್ರಿಯಾಪದವನ್ನು ಕೊನೆಗೆ ಒಗೆಯಿರಿ. ಗೊತ್ತಿಲ್ಲದ ಪದ ಬಂದರೆ ಅಜ್ಜಿಯನ್ನು ಕೇಳಿ, "ಇದು ತೋ ಏನಬೇ, ತೀ ಏನಬೇ?" ಅಂತ. ಜರ್ಮನ್ ಉತ್ತರ ಸಿಗದೇ ಇರಬಹುದು, ಅಜ್ಜಿಯ ಮರಾಠಿಯಂತೂ ಸಿಗುತ್ತೆ.

ತುಳು, ಕೊಂಕಣಿ, ಕೊಡವ, ಬ್ಯಾರಿ ಬಲ್ಲ ಬ್ಲಾಗ್ ಮಿತ್ರರೇ, ನಿಮ್ಮ ಮಾತಿನಲ್ಲಿ ಜರ್ಮನಿಗೋ ಇನ್ನಾವುದೋ ಭಾಷೆಗೋ ಹತ್ತಿರದ ಇಂಥ ಕಾಲುದಾರಿ ಇದ್ದರೆ ದಯವಿಟ್ಟು ಬರೆಯಿರಿ. ಕೊಂಕಣಿಯಲ್ಲಂತೂ ಎಳೆ ಹುಡುಗಿಗೆ ನಪುಂಸಕ ಲಿಂಗ ಇದೆ ಅಂತ ಕೇಳಿದ್ದೀನಿ. ಡಾಸ್ ಮೇಡ್‌ಶೆನ್‌ಗೆ ಅದಕ್ಕಿಂತ ಹತ್ತಿರದ ಅಕ್ಕ ಇನ್ನೆಲ್ಲಿ ಸಿಕ್ಕಾಳು?